ಎರಡನೆಯ ಮುಸುಕು

ಓದು ನಿಂತಾಗ ನಾನು ಅಂಗಡಿಯ ಶಟರನ್ನು ಅರ್ಧಕ್ಕೆ ಎತ್ತಿದ್ದೆ. ಗೋಪುರದ ಸ್ಪೀಕರ್ "ಮನೆ, ಜಬೀನಾ" ಅಂದಿತು. ಆಮೇಲೆ ಗಂಟಲಿಗೆ ಮುಳ್ಳು ಸಿಕ್ಕಿಕೊಂಡ ಹಾಗೆ ಒಂದು ಸದ್ದು, ಆಮೇಲೆ ಏನೂ ಇಲ್ಲ. ನಮ್ಮ ಊರಿನಲ್ಲಿ ಬೆಳಗಿನ ಓದು ಮುಗಿಯುವವರೆಗೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಹಲ್ಲುಜ್ಜುವವರು ಉಗಿಯುವುದೂ ಮೆತ್ತಗೆ. ಆವತ್ತು ಆ ಮೌನ ಮುಗಿಯಲೇ ಇಲ್ಲ. ಎದುರಿನ ಪಂಕ್ಚರ್ ಅಂಗಡಿಯವನು ನನ್ನ ಮುಖ ನೋಡಿ, ತಕ್ಷಣ ಬೇರೆ ಕಡೆ ತಿರುಗಿಕೊಂಡ. ಊರಲ್ಲಿ ಜಬೀನಾ ಎಂಬುವರು ಇನ್ನೂ ಕೆಲವರಿರಬಹುದು. ಓದು ಆಗಷ್ಟೇ ನಾಲೆಯಾಚೆಯ ಮೊದಲ ಬೀದಿಗೆ ಬಂದಿತ್ತು, ಅಲ್ಲಿ ಇರುವುದು ಒಬ್ಬಳೇ. ಅವಳು ನನ್ನ ತಂಗಿಯ ಜೊತೆ ಒಂದೇ ಮನೆಯಲ್ಲಿ ಇರುವವಳು.

ಶಟರನ್ನು ಹಾಗೇ ಬಿಟ್ಟು ಓಡಿದೆ.

ನಮ್ಮಲ್ಲಿ ಹೀಗೆ. ಊರೆಲ್ಲ ಕಂಪ್ಯೂಟರಿನ ಒಂದು ಎಕ್ಸ್‌ಎಂಎಲ್ ಕಡತದಲ್ಲಿದೆ. ಬೆಳಿಗ್ಗೆ ಗೋಪುರ ಅದನ್ನು ಮನೆ ಮನೆಯಾಗಿ ಓದುತ್ತದೆ. ಓದಿದ ಮನೆಯ ಅಗಳಿ ತಾನೇ ಸರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಒಳಗೆ ಮಲಗಿದವರು ಕಣ್ಣು ಬಿಡುತ್ತಾರೆ. ಓದು ಎಲ್ಲಾದರೂ ಎಡವಿದರೆ ಅಲ್ಲಿಂದ ಮುಂದಿನ ಮನೆಗಳೆಲ್ಲ ಮುಚ್ಚಿದ ಹಾಗೇ, ಮಲಗಿದವರು ಮಲಗಿದ ಹಾಗೇ. ಹೊತ್ತು ಮುಳುಗುವುದರೊಳಗೆ ಓದಿಸಿಕೊಳ್ಳದವರು ಮತ್ತೆ ಏಳುವುದಿಲ್ಲ.

ನಾಲೆ ದಾಟಿದ ಕೂಡಲೇ ಗೊತ್ತಾಯಿತು. ಬೀದಿಯ ಈ ತುದಿಯಲ್ಲಿ ಹೆಂಗಸರು ಕೊಡ ಹಿಡಿದು ಹೊಸಿಲ ಮೇಲೆ ನಿಂತಿದ್ದರು. ನನ್ನ ತಂಗಿ ಪುಟ್ಟಿಯ ಮನೆಯಿಂದ ಆಚೆಗೆ ಒಂದು ಬಾಗಿಲೂ ತೆರೆದಿರಲಿಲ್ಲ. ನಾಯಿಗಳು ಕೂಡ ಕಾಲು ಚಾಚಿಕೊಂಡು ಬಿದ್ದಿದ್ದವು. ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆ. ಬಾಗಿಲ ಕಡೆ ಪುಟ್ಟಿ ಮಲಗಿದ್ದಳು, ಬಾಯಿ ಸ್ವಲ್ಪ ತೆರೆದು, ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆಯೇ. ಹಿತ್ತಿಲ ಕಡೆಯ ಹೊಲಿಗೆ ಮಿಷಿನ್ ಪಕ್ಕದಲ್ಲಿ ಜಬೀನಾ. ಪುಟ್ಟಿಯ ಮಗು ಅವಳ ತೋಳ ಮೇಲಿತ್ತು. ರಾತ್ರಿ ಹಟ ಮಾಡಿರಬೇಕು, ಹಟ ಮಾಡಿದಾಗ ಜಬೀನಾನೇ ಮಲಗಿಸುವುದು. ಮಗುವಿನ ಬಾಯಿ ನಿದ್ದೆಯಲ್ಲೇ ಚೀಪುತ್ತಿತ್ತು.

"ಪುಟ್ಟೀ!" ಎಂದು ಕೂಗಿದೆ. ಕೂಗಿ ಪ್ರಯೋಜನವಿಲ್ಲ ಎಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಗೇಟು, ಗ್ರಿಲ್ಲು ಬೆಸೆಯುವುದು ನನ್ನ ಕಸುಬು. ಮುಚ್ಚಿದ ಬಾಗಿಲನ್ನು ಗ್ಯಾಸ್ ಕಟ್ಟರ್‌ನಿಂದ ಕೊಯ್ಯುವುದು ನನಗೆ ಲೆಕ್ಕವಲ್ಲ. ಕೊಯ್ದು ಒಳಗೆ ಹೋಗಬಹುದು, ಪಕ್ಕದಲ್ಲಿ ಕೂರಬಹುದು, ಮೈ ಮುಟ್ಟಬಹುದು. ಎಬ್ಬಿಸಲು ಆಗುವುದಿಲ್ಲ.

ಬಾಗಿಲ ಮೇಲೆ ಹೊಸ ಬೋರ್ಡು ಹೊಳೆಯುತ್ತಿತ್ತು. ಅದರ ಕಬ್ಬಿಣದ ಚೌಕಟ್ಟು ನಾನೇ ಮಾಡಿಕೊಟ್ಟಿದ್ದು. ಜಬೀನಾ & ಪುಟ್ಟತಾಯಿ, ಟೈಲರ್ಸ್. ಪುಟ್ಟಿಯ ಗಂಡ ಲಾರಿ ಹತ್ತಿ ಹೋದವನು ಹೋದವನೇ. ಜಬೀನಾಳಿಗೆ ಮೊದಲಿನಿಂದಲೂ ಯಾರೂ ಇರಲಿಲ್ಲ. ಇಬ್ಬರೂ ಸೇರಿ ಎರಡು ಮಿಷಿನ್ ಹಾಕಿಕೊಂಡು, ಶಾಲೆಯ ಸಮವಸ್ತ್ರ ಹೊಲಿದು, ಒಂದು ಮಟ್ಟಕ್ಕೆ ಬಂದಿದ್ದರು. ನಡುವೆ ಆ ಸುರುಳಿ ಗುರುತು ಬೇಕು ಎಂದು ಹಟ ಹಿಡಿದವಳು ಜಬೀನಾ. "'ಮತ್ತು' ಅಂತ ಬರೆದ್ರೆ ಪುಟ್ಟಿ ಬಾಲದ ಥರ ಕಾಣ್ತಾಳೆ ದೊರೆಯಣ್ಣ. ಈ ಗುರುತು ನೋಡು, ಇಬ್ರನ್ನೂ ಒಂದೇ ದಾರದಲ್ಲಿ ಗಂಟು ಹಾಕ್ದಂಗೆ ಐತೆ" ಎಂದಿದ್ದಳು. ಹೊಸ ಹೆಸರನ್ನು ಹಿಂದಿನ ದಿನವೇ ಕಚೇರಿಯಲ್ಲಿ ಕಡತಕ್ಕೆ ಸೇರಿಸಿದ್ದರು.

ಐದು ಗುರುತುಗಳನ್ನು ಕಡತದೊಳಗೆ ಬರಿಮೈಯಲ್ಲಿ ಬಿಡಬಾರದು. ಇದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಬಾಣದ ತುದಿಯಂಥ ಎರಡು, ಉದ್ಧರಣ ಚಿಹ್ನೆ ಎರಡು, ಈ ಸುರುಳಿ ಒಂದು. ಗೋಪುರಕ್ಕೆ ಅವು ಹೆಸರಲ್ಲ, ಅಪ್ಪಣೆ. ಬರಿಮೈಯಲ್ಲಿ ಕಂಡರೆ ಅದು ಮುಂದಿನ ಅಪ್ಪಣೆಗೆ ಕಾಯುತ್ತದೆ, ಬರದಿದ್ದರೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಅವುಗಳ ಬೆನ್ನಿಗೆ ನಾಲ್ಕಾರು ಅಕ್ಷರ ಅಂಟಿಸಿ, ಮುಸುಕು ಹಾಕಿ ಬರೆಯುತ್ತಾರೆ. ಓದುವಾಗ ಗೋಪುರ ಮುಸುಕು ತೆಗೆದು ಒಳಗಿನ ಗುರುತನ್ನು ಹಾಗೇ ಓದಿಕೊಂಡು ಮುಂದೆ ಹೋಗುತ್ತದೆ. ಮುಸುಕು ಹಾಕಬೇಕಾಗಿದ್ದವನು ಸದಾನಂದಯ್ಯ, ಓದಿನ ಸಾಹೇಬ. ಹಾಕಿರಲಿಲ್ಲ.

ನಾನು ಗೋಪುರ ಮುಟ್ಟುವಷ್ಟರಲ್ಲಿ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಹಾಲಿನ ಬೋರೇಗೌಡ. ಕರು ಹಾಕುವ ಎಮ್ಮೆ ಕಾಯಲು ಈಚೆಯ ಕೊಟ್ಟಿಗೆಯಲ್ಲಿ ಮಲಗಿದ್ದವನು, ಅದಕ್ಕೇ ಎದ್ದಿದ್ದ. ಹೆಂಡತಿ ಮಕ್ಕಳು ನಾಲೆಯಾಚೆ ಮಲಗಿಯೇ ಇದ್ದರು.

"ಸಾಹೇಬ್ರೇ, ಇನ್ನೇನು ನೋಡ್ತಾ ಕೂತಿದೀರಿ? ಎಲ್ಲಿ ನಿಂತೈತೋ ಅಲ್ಲಿ ಅಳಿಸಿ, ಮುಂದಕ್ಕೆ ಓದ್ಸಿ" ಎಂದು ಕೂಗುತ್ತಿದ್ದ. ಹಿಂದಿನವರು "ಹೂಂ, ಅಳಿಸಿ, ಅಳಿಸಿ" ಎಂದು ದನಿಗೂಡಿಸುತ್ತಿದ್ದರು.

ಅಳಿಸುವುದು ಸುಲಭ. ಕಡತವನ್ನು ತೆರೆಯುವುದೂ ಬೇಡ. ಗೋಪುರದ ಹೊರಗೋಡೆಯಲ್ಲಿ ಒಂದು ಗುಂಡಿಯಿದೆ, ಒತ್ತಿದರೆ ಓದು ಎಲ್ಲಿ ಎಡವಿತೋ ಆ ಮನೆ ಪೂರ್ತಿ ಹೋಗುತ್ತದೆ. ಮನೆಯಿದ್ದ ಜಾಗ ಬಯಲಾಗುತ್ತದೆ, ಮನೆಯವರ ಹೆಸರು ಯಾರ ಬಾಯಿಗೂ ಬರುವುದಿಲ್ಲ. ನಮ್ಮ ಬೀದಿಯಲ್ಲೂ ಅಂಥದೊಂದು ಬಯಲಿದೆ. ಪಕ್ಕದ ಮನೆಯ ಅಜ್ಜಿ ತನ್ನ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ ಆ ಬಯಲಿನ ಮುಂದೆಯೂ ನೀರು ಹಾಕಿ ಒಂದೆಳೆ ಎಳೆಯುತ್ತಾಳೆ. ಯಾಕಜ್ಜಿ ಎಂದರೆ ಗೊತ್ತಿಲ್ಲ ಕಣಪ್ಪ ಅನ್ನುತ್ತಾಳೆ.

ನಾನು ಜನರನ್ನು ನೂಕಿಕೊಂಡು ಮೆಟ್ಟಿಲು ಹತ್ತಿದೆ. ಮೆಟ್ಟಿಲ ಪಕ್ಕದಲ್ಲಿ ಬಾಗಿಲಿಗೆ ಅಡ್ಡ ಇಡುವ ಕಬ್ಬಿಣದ ಸರಳಿತ್ತು, ಅದು ಕೈಗೆ ಬಂತು. ಯಾವಾಗ ಎತ್ತಿಕೊಂಡೆನೋ ತಿಳಿಯದು.

"ಗುಂಡಿ ಹತ್ರ ಯಾವನಾದ್ರೂ ಬಂದ್ರೆ ಕೈ ಮುರೀತೀನಿ."

"ಲೇ ದೊರೆ" ಎಂದ ಬೋರೇಗೌಡ. "ನಿನ್ ತಂಗಿ ಒಬ್ಳು. ನಾಲೆಯಾಚೆ ಅರ್ಧ ಊರೈತೆ. ನನ್ನ ಸಣ್ ಮಗ ಇನ್ನೂ ನೆಟ್ಟಗೆ ನಡಿಯಕ್ಕಿಲ್ಲ ಕಣೋ."

"ನನ್ ತಂಗಿ ಮಗಿಗೆ ಇನ್ನೂ ಹಲ್ಲೇ ಬಂದಿಲ್ಲ."

"ಹಂಗಾದ್ರೆ ಎಲ್ರೂ ಸಾಯ್ಲಾ?"

"ಹೆಸ್ರು ಬರ್ಕೊಂಡ ನನ್ಮಗ ಮುಸುಕು ಹಾಕ್ಲಿಲ್ಲ, ಅವನನ್ನ ಕೇಳು!" ಎಂದು ಸರಳಿನಿಂದ ಬಾಗಿಲನ್ನು ಗುದ್ದಿದೆ.

ಸದಾನಂದಯ್ಯ ಹೊರಗೆ ಬಂದ. ತೆಳ್ಳಗಿನ ಮನುಷ್ಯ, ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಳ್ಳುವವನು. ಆವತ್ತು ಗುಂಡಿಗಳು ತಪ್ಪು ಕಾಜಾಕ್ಕೆ ಬಿದ್ದಿದ್ದವು. "ಮರೆತೆ" ಎಂದ. "ಆ ಹೆಣ್ಣುಮಗಳು 'ಮತ್ತು' ಬೇಡ ಅಂತ ಜಗಳಕ್ಕೆ ನಿಂತಳು. ಆಯ್ತು ತಾಯಿ ಅಂತ ಹಾಕಿಬಿಟ್ಟೆ. ಮುಸುಕು ಹಾಕೋದು ಮರೆತೇ ಹೋಯ್ತು."

"ಈಗ ಹಾಕಿ."

"ಹಾಕಬೇಕು ಅಂದ್ರೆ ಕಡತ ತೆರೀಬೇಕಪ್ಪ. ತಿದ್ದಿ ಮತ್ತೆ ಉಳಿಸಬೇಕು. ಉಳಿಸುವಾಗ…" ಎಂದು ಜನರ ಹಿಂದೆ ಯಾರನ್ನೋ ನೋಡಿದ.

ಅವನು ನೋಡಿದ್ದು ಇಸ್ತ್ರಿ ತಾತನನ್ನು. ತಾತ ಪ್ರಶ್ನೆ ಬೀದಿಯವನು. ಆ ಬೀದಿಯಲ್ಲಿ ಯಾರಿಗೂ ಹೆಸರಿಲ್ಲ. ಕಡತದ ತಲೆಯ ಮೇಲೆ, ಒಳಗಿರುವುದು ಯಾವ ಬಗೆಯ ಅಕ್ಷರ ಎಂದು ಹೇಳುವ ಸಾಲೊಂದಿರುತ್ತದೆ. ಹಿಂದೊಮ್ಮೆ ಆ ಬೀದಿಯ ಪಾಲನ್ನು ಬೇರೆ ಬಗೆಯ ಹಳೆಯ ತಂತ್ರಾಂಶದಲ್ಲಿ ತೆರೆದರು. ಅಕ್ಷರವೆಲ್ಲ ಚೌಕ ಚೌಕವಾಗಿ ಕಂಡಿತು. ಚೌಕ ಕಂಡರೆ ಹೆದರಬೇಕಿಲ್ಲವಂತೆ, ಅಕ್ಷರ ಅಡಿಯಲ್ಲಿ ಇದ್ದೇ ಇರುತ್ತದೆ, ಮುಟ್ಟದೆ ಮುಚ್ಚಿ ಸರಿಯಾದ್ದರಲ್ಲಿ ತೆರೆದರೆ ಸಾಕು. ಇವರು ಗಾಬರಿಯಲ್ಲಿ ಹಾಗೇ ಉಳಿಸಿದರು. ಅಕ್ಷರ ಇದ್ದ ಕಡೆಯೆಲ್ಲ ಪ್ರಶ್ನೆ ಚಿಹ್ನೆ ಕೂತಿತು. ಅದರ ಅಡಿಯಲ್ಲಿ ಏನೂ ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಆ ಬೀದಿಯವರು ಎದ್ದರು, ಆದರೆ ಹೆಂಡತಿ ಗಂಡನನ್ನು ಕೂಗಲು ಬಾಯಿ ತೆರೆದರೆ ಬರಿ ಗಾಳಿ ಬಂತು. ಈಗ ಅಲ್ಲಿ ಇಸ್ತ್ರಿ, ಸೊಪ್ಪು, ಬೀಗ, ದೊಡ್ಡವಳು ಎಂದೇ ಕರೆದುಕೊಳ್ಳುತ್ತಾರೆ. ಮದುವೆಯ ಲಗ್ನಪತ್ರಿಕೆಯಲ್ಲಿ ಹೆಸರಿನ ಜಾಗಕ್ಕೆ ಅರಿಶಿನದ ಬೊಟ್ಟು ಇಡುತ್ತಾರೆ.

ತಾತ ಬಟ್ಟೆಯ ಗಂಟನ್ನು ಮೆಟ್ಟಿಲ ಮೇಲೆ ಇಳಿಸಿದ. "ನನ್ ಹೆಸ್ರು ಹೋಗಿದ್ದು ಇವನ ಕೈಲೇ" ಎಂದ, ಸದಾನಂದಯ್ಯನನ್ನು ತೋರಿಸಿ. "ಆವಾಗ ಇವ ಹೊಸಬ. ಆವತ್ತಿನಿಂದ ನೋಡ್ತಿದೀನಿ, ಅಕ್ಷರ ಬರೆಯೋವಾಗ ಇವನ ಕೈ ನಡುಗ್ತದೆ. ನಡುಗೋ ಕೈಯೇ ವಾಸಿ. ದೊರೆ, ಇವನಿಗೇ ಬಿಡು, ಸರಿಯಾಗಿ ಮಾಡ್ತಾನೆ."

"ನಿನ್ನ ಹೆಸ್ರು ನುಂಗಿದವನಿಗೆ ನನ್ ತಂಗೀನೂ ಕೊಡ್ಲಾ?" ಎಂದೆ.

"ನಿಂಗೆ ಬೇರೆ ಯಾರಿದಾರೆ ಹೇಳು ಮತ್ತೆ."

ಅದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ಬೋರೇಗೌಡ ಆಕಾಶ ನೋಡಿದ. ಜಗಳದಲ್ಲೇ ಹೊತ್ತು ನೆತ್ತಿ ದಾಟಿತ್ತು. "ಗೋಪುರದ ನೆರಳು ಎಮ್ಮೆ ನೀರು ಕುಡಿಯೋ ತೊಟ್ಟಿ ಮುಟ್ಟೋವರ್ಗೂ ಕಾಯ್ತೀನಿ" ಎಂದ. "ಅಷ್ಟ್ರಲ್ಲಿ ಓದು ಶುರುವಾಗ್ಲಿಲ್ಲ ಅಂದ್ರೆ ನಿನ್ ಸರಳೂ ನೋಡಕ್ಕಿಲ್ಲ, ನಿನ್ನೂ ನೋಡಕ್ಕಿಲ್ಲ. ಗುಂಡಿ ಒತ್ತಿಬಿಡ್ತೀನಿ. ಆಮೇಲೆ ನೀನು ನನ್ನ ಏನ್ ಬೇಕಾದ್ರೂ ಮಾಡು." ಅವನ ಜಾಗದಲ್ಲಿ ನಾನಿದ್ದರೆ ಅಷ್ಟೂ ಕಾಯುತ್ತಿರಲಿಲ್ಲ.

ಸದಾನಂದಯ್ಯನ ಹಿಂದೆ ನಾನೂ ಒಳಗೆ ಹೋದೆ. ಅವನು ಬೇಡ ಅನ್ನಲಿಲ್ಲ, ಸರಳು ನೋಡಿದ್ದ. ಯಂತ್ರದ ಮುಂದೆ ಕೂತು ಅಂಗೈ ಬೆವರನ್ನು ಪಂಚೆಗೆ ಒರೆಸಿಕೊಂಡ. ಕಡತ ತೆರೆಯಿತು. ಮೊದಲು ತಲೆಯ ಸಾಲನ್ನು ಬೆರಳಿಟ್ಟು ಓದಿದ, ಯುಟಿಎಫ್ ಎಂಟು, ಯುಟಿಎಫ್ ಎಂಟು ಎಂದು ತನ್ನಷ್ಟಕ್ಕೆ ಮತ್ತೆ ಮತ್ತೆ ಹೇಳಿಕೊಂಡ. ತೆರೆದಿರುವುದೂ ಅದೇ ಬಗೆಯಲ್ಲಿ ಎಂದು ಕೆಳಗಿನ ಮೂಲೆಯಲ್ಲಿ ನೋಡಿ ಖಾತ್ರಿ ಮಾಡಿಕೊಂಡ. ಊರು ಸಾಲು ಸಾಲಾಗಿ ಮೇಲಕ್ಕೆ ಸರಿಯತೊಡಗಿತು. ಪ್ರತಿ ಮನೆಗೂ ತೆರೆಯುವ ಮಾತು, ಮುಚ್ಚುವ ಮಾತು, ನಡುವೆ ಜನ. ನನ್ನ ಹೆಸರೂ ಸರಿದು ಹೋಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಅಷ್ಟು ಬೇಗ ಓದಲಾರೆ. ಆದರೂ ತಂಗಿಯ ಹೆಸರು ಬಂದಾಗ ಕಣ್ಣಿಗೆ ಬಡಿಯಿತು.

"ಇಲ್ಲಿ" ಎಂದ. ಸುರುಳಿಯ ಬೆನ್ನಿಗೆ ಒಂದೊಂದೇ ಒತ್ತಿದ. "ಎ. ಎಂ. ಪಿ. ಕೊನೆಗೆ ಚುಕ್ಕೆ ಮೇಲೆ ಬಾಲ ಕೆಳಗೆ. ಇಷ್ಟೇ ಮುಸುಕು." ಉಳಿಸುವ ಮುನ್ನ ಕಣ್ಣು ಮುಚ್ಚಿಕೊಂಡ. ಒತ್ತಿದ. ತೆರೆದು ನೋಡಿದ. ಒಂದು ಅಕ್ಷರವೂ ಚೌಕವಾಗಿರಲಿಲ್ಲ, ಪ್ರಶ್ನೆಯಾಗಿರಲಿಲ್ಲ. ಉಸಿರು ಬಿಟ್ಟು ಇನ್ನೇನೋ ಒತ್ತಿ, ಪರದೆ ಬದಲಾಯಿಸಿ, ಏನೋ ಹೇಳಿದ. ಹೊರಗೆ ಜನ "ನೆರಳು ಬಂತು, ತೊಟ್ಟಿ ಮುಟ್ತು" ಎಂದು ಕೂಗುತ್ತಿದ್ದರು. ಅವನು ಹೇಳಿದ್ದು ನನ್ನ ಕಿವಿಗೆ ಹೋಗಲಿಲ್ಲ. ಓದು ಶುರು ಮಾಡುವ ಬೀಗ ಮೇಲಿನ ಅಟ್ಟದಲ್ಲಿದೆ. ಬೀಗದ ಕೈ ಹಿಡಿದು ಏಣಿ ಹತ್ತಿ ಹೋದ.

ನಾನು ಪರದೆ ನೋಡಿದೆ. ಜಬೀನಾ, ಸುರುಳಿ, ಪುಟ್ಟತಾಯಿ. ಸುರುಳಿಯ ಬೆನ್ನಿಗೆ ಏನೂ ಇರಲಿಲ್ಲ. ಬರಿಮೈ.

ಹಾಕಿದ್ದನ್ನು ನಾನೇ ನೋಡಿದ್ದೆ. ಎ ಎಂ ಪಿ ಎಂದು ಬಾಯಲ್ಲಿ ಹೇಳಿಕೊಂಡೇ ಹಾಕಿದ್ದ. ಹಾಗಾದರೆ ತೆಗೆದಿದ್ದಾನೆ. ನನ್ನ ಕಣ್ಣಿಗೆ ಮಣ್ಣೆರಚಿ, ಓದು ಮತ್ತೆ ಇಲ್ಲೇ ನಿಲ್ಲಲಿ, ಗೌಡ ಗುಂಡಿ ಒತ್ತಲಿ, ತನ್ನ ತಪ್ಪು ಮನೆಯ ಸಮೇತ ಬಯಲಾಗಿ ಹೋಗಲಿ ಎಂದು ತೆಗೆದಿದ್ದಾನೆ. ತಪ್ಪು ಮಾಡಿದವನಿಗೆ ಇದಕ್ಕಿಂತ ಅನುಕೂಲ ಏನಿದೆ? ಮನೆ ಅಳಿದರೆ ಯಾರ ತಪ್ಪು ಎಂದು ಕೇಳಲು ಯಾರಿಗೂ ನೆನಪಿರುವುದಿಲ್ಲ. ತಲೆಯೊಳಗೆ ವೆಲ್ಡಿಂಗ್ ಕಿಡಿ ಹಾರಿದ ಹಾಗಾಯಿತು. ಸರಳನ್ನು ಬಿಸಾಕಿ ಕೂತೆ. ಅವನು ಒತ್ತಿದ ಗುಂಡಿಗಳು ಯಾವುವು ಎಂದು ನೋಡಿಟ್ಟುಕೊಂಡಿದ್ದೆ. ಸುರುಳಿಯ ಬೆನ್ನಿಗೆ ಎ ಎಂ ಪಿ, ಚುಕ್ಕೆ ಮೇಲೆ ಬಾಲ ಕೆಳಗೆ. ಉಳಿಸಿದೆ. ಅಕ್ಷರಗಳು ನೆಟ್ಟಗೆ ನಿಂತವು. ಅಟ್ಟದಲ್ಲಿ ಬೀಗ ತಿರುಗಿದ ಸದ್ದಾಯಿತು.

ಓದು ಶುರುವಾಯಿತು. ಗೋಪುರ ಮೊದಲಿನಿಂದ ಬಂತು. ನಮ್ಮ ಬೀದಿ ಬಂತು, ನಾಲೆಯ ಈಚೆ ದಡ ಬಂತು. ನಾನು ಬಾಗಿಲಿಗೆ ಬಂದೆ, ಅಂಗಳದಲ್ಲಿ ಬೋರೇಗೌಡ ಗುಂಡಿಯ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದ. "ಮನೆ, ಜಬೀನಾ…" ಎಂದಿತು ಗೋಪುರ. ಮುಂದಿನದು ನನಗೆ ಅರ್ಥವಾಗುವಂತೆ ಕೇಳಲಿಲ್ಲ, ಏನೋ ಗೊಣಗಿದ ಹಾಗಿತ್ತು. "…ಪುಟ್ಟತಾಯಿ, ಟೈಲರ್ಸ್" ಎಂದು ಮುಗಿಸಿ ಮುಂದಿನ ಮನೆಗೆ ಹೋಯಿತು. ಆಮೇಲೆ ಅದರ ಮುಂದಿನದು. ನಾಲೆಯಾಚೆ ಅಗಳಿಗಳು ಸಾಲಾಗಿ ಸರಿಯುವ ಸದ್ದು ನಮಗೆ ಕೇಳಿಸಿತು. ಬೋರೇಗೌಡ ಗುಂಡಿಯಿಂದ ಕೈ ತೆಗೆದು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಎದ್ದು ಚಪ್ಪಲಿ ಬಿಟ್ಟು ಓಡಿದ. ಎಲ್ಲರೂ ಓಡಿದರು.

ಪುಟ್ಟಿಯ ಬಾಗಿಲು ತೆರೆದಿತ್ತು. ಬೋರ್ಡಿನ ಮೇಲೆ ಸುರುಳಿಯ ಪಕ್ಕದಲ್ಲಿ ಹೊಸದಾಗಿ ಎ ಎಂ ಪಿ ಹುಟ್ಟಿಕೊಂಡಿದ್ದವು, ಪೇಂಟು ಇನ್ನೂ ಹಸಿಯಾಗಿತ್ತು. ಒಳಗೆ ಪುಟ್ಟಿ ಕೂದಲು ಕಟ್ಟುತ್ತಾ ಎದ್ದು ನಿಂತಿದ್ದಳು.

"ಅಣ್ಣ, ಮಗಾ ಎಲ್ಲಿ? ಜಬೀನಾ ಎಲ್ಲಿ? ಇದ್ಯಾರು ಕಟ್ಟಿದ್ದು?" ಎಂದಳು.

ಕೋಣೆಯ ನಡುವೆ ಒಂದು ಬಿಳಿ ತೆರೆ ಇಳಿಬಿದ್ದಿತ್ತು. ಮೇಲೆ ಹಗ್ಗವಿಲ್ಲ, ಕೆಳಗೆ ಸಂದಿಯಿಲ್ಲ, ಗೋಡೆಯಿಂದ ಗೋಡೆಗೆ. ಎಳೆದೆ, ಬರಲಿಲ್ಲ. ಪುಟ್ಟಿಯ ಕತ್ತರಿ ಹಾಕಿದೆ, ಕತ್ತರಿಯ ಬಾಯಿ ಮೊಂಡಾಯಿತು. ಆಚೆಯಿಂದ ಒಂದು ಸದ್ದೂ ಇಲ್ಲ. ಓಣಿಯಲ್ಲಿ ಸುತ್ತಿಕೊಂಡು ಹಿತ್ತಿಲ ಬಾಗಿಲಿಗೆ ಹೋದೆ. ಜಬೀನಾ ಮಗುವನ್ನು ಹೆಗಲಿಗೆ ಹಾಕಿಕೊಂಡು ತೆರೆಗೆ ಗುದ್ದುತ್ತಿದ್ದಳು. ಮಗು ಕಿರುಚುತ್ತಿತ್ತು. ಅಷ್ಟು ಕಿರುಚಾಟದಲ್ಲಿ ಒಂದು ಎಳೆಯೂ ಆಚೆಗೆ ಹೋಗಿರಲಿಲ್ಲ.

"ಪುಟ್ಟಿ ಎಲ್ಲಿ ದೊರೆಯಣ್ಣ? ಮಗೀಗೆ ಹಸಿವು."

ಮಗುವನ್ನು ಎತ್ತಿಕೊಂಡು ಓಣಿ ಸುತ್ತಿ ಬಂದು ಪುಟ್ಟಿಗೆ ಕೊಟ್ಟೆ. ಜಬೀನಾಳನ್ನೂ ಕರೆದುಕೊಂಡು ಬಂದೆ. ಅವಳು ಮುಂಬಾಗಿಲಿಗೆ ಬಂದ ಕೂಡಲೇ ತೆರೆ ಕೋಣೆಯಿಂದ ಸರಿದು ಬಂದು ಹೊಸಿಲ ಮೇಲೆ, ಇಬ್ಬರ ನಡುವೆ, ಇಳಿಬಿತ್ತು. ಬೀದಿಯಲ್ಲಿ ನಿಲ್ಲಿಸಿದೆ, ಬೀದಿಯಲ್ಲೂ ಇಳಿಬಿತ್ತು. ನನಗೆ ಇಬ್ಬರೂ ಕಾಣುತ್ತಿದ್ದರು. ಅವರಿಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

ಆದರೂ ಕೆಲಸ ನಿಲ್ಲಿಸುವಂತಿರಲಿಲ್ಲ, ಮಾರನೆಯ ದಿನ ಶಾಲೆಗೆ ಸಮವಸ್ತ್ರ ಕೊಡಬೇಕಿತ್ತು. ಅವರವರ ಕಡೆ ಅವರವರು ಮಿಷಿನ್ ತುಳಿಯತೊಡಗಿದರು. ನಾನು ಓಣಿಯಲ್ಲಿ ಓಡಾಡಿದೆ, ಒಮ್ಮೆ ತೋಳಿಲ್ಲದ ಅಂಗಿ ಹಿಡಿದು, ಒಮ್ಮೆ ಅಂಗಿಯಿಲ್ಲದ ತೋಳು ಹಿಡಿದು.

"ಅವಳಿಗೆ ಹೇಳು, ಕಾಜಾ ಹಾಕೋದು ಅವಳ ಕೆಲಸ, ನನ್ ತಲೆಗೆ ಕಟ್ಬೇಡ ಅಂತ" ಎಂದಳು ಪುಟ್ಟಿ.

"ಅವಳಿಗೆ ಹೇಳು, ಕಾಲರ್ ವಕ್ರವಾಗೈತೆ, ಅಳ್ಕೊಂಡು ಹೊಲಿದವ್ಳೆ ಅಂತ" ಎಂದಳು ಜಬೀನಾ. ಅವಳ ಕಣ್ಣೂ ಕೆಂಪಗಿತ್ತು.

ಮಗುವಿಗೆ ಹಾಲು ಕುಡಿಸುತ್ತಾ ಪುಟ್ಟಿ ತಲೆ ಎತ್ತದೆ ಕೇಳಿದಳು, "ಮುಸುಕು ಹಾಕಿದ್ದು ಯಾರು?"

"ಸಾಹೇಬ."

"ಅವರೊಬ್ರೇನಾ?"

ನಾನು ಅಂಗಿ ಮಡಚತೊಡಗಿದೆ. ಅವಳು ನನ್ನನ್ನು ಚಿಕ್ಕಂದಿನಿಂದ ನೋಡಿದವಳು. "ನಿನ್ ಕೈ ಸುಮ್ನೆ ಇರಾಕಿಲ್ವಲ್ಲಣ್ಣ" ಎಂದಳು. ಬೈದಿದ್ದರೆ ವಾಸಿಯಿತ್ತು.

ಗೋಪುರಕ್ಕೆ ಹೋದಾಗ ಸದಾನಂದಯ್ಯ ಯಂತ್ರದ ಮುಂದೆ ಕೂತಿದ್ದ. ಆಗಲೇ ಎಲ್ಲವನ್ನೂ ನೋಡಿ ಮುಗಿಸಿದ್ದ. "ಎರಡು ಸಲ ಬಿದ್ದಿದೆ" ಎಂದ. "ಒಂದು ನಂದು. ಓದುವಾಗ ಒಂದನ್ನ ಗೋಪುರ ತೆಗೀತು. ಇನ್ನೊಂದು ಹಾಗೇ ಉಳಿದು, ಇಬ್ಬರ ನಡುವೆ ತೆರೆಯಾಗಿ ಬಿತ್ತು. ಪರದೆ ಬದಲಾಯಿಸಿದಾಗ ಹೇಳಿದ್ನಲ್ಲಪ್ಪ, ಈಗ ಕಾಣೋದು ಓದಿದ ಮೇಲಿನ ರೂಪ, ಮುಸುಕು ಕಾಣಲ್ಲ ಅಂತ."

"ಬರಿಮೈ ಕಾಣ್ತು. ನೀವು ತೆಗೆದ್ರಿ ಅನ್ಕೊಂಡೆ."

"ಯಾಕೆ ತೆಗೀತೀನಿ?"

ಹೇಳಿದೆ. ಅಂದುಕೊಂಡಿದ್ದನ್ನೆಲ್ಲ ಅವನ ಮುಖಕ್ಕೇ ಹೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ. ಪ್ರಶ್ನೆ ಬೀದಿಯ ಕಡೆಯ ಕಿಟಕಿ ನೋಡಿ, "ನೀನು ಹಾಗೆ ಅಂದುಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ ಬಿಡು" ಎಂದ.

"ಒಂದು ಮುಸುಕು ತೆಗೀರಿ."

ಬಾಗಿಲಲ್ಲಿ ಬೋರೇಗೌಡ ನಿಂತಿದ್ದ. ಹಾಲಿನ ತಂಬಿಗೆ ಹಿಡಿದು ಪುಟ್ಟಿಯ ಮನೆಗೆ ಹೋಗಿ, ನಾನು ಇಲ್ಲಿರುವುದು ತಿಳಿದು ಬಂದಿದ್ದ. "ಮುಟ್ಬೇಡಿ" ಎಂದ. "ಓದು ನಡೀತಲ್ಲ, ಊರು ಎದ್ದಿತಲ್ಲ. ಆ ಹೆಣ್ಮಕ್ಕಳು ತೆರೆ ಕಟ್ಕೊಂಡೇ ಬದುಕ್ಲಿ, ಅಕ್ಕಪಕ್ಕದ ಮನೆಯೋರಂಗೆ. ಮತ್ತೆ ಬೆರಳು ಇಟ್ರೆ, ಎರಡೂ ಕಿತ್ಕಂಡು ಬಂದ್ರೆ? ನಾಳೆ ಅಲ್ಲೇ ನಿಂತ್ರೆ ನಾನು ನೆರಳೂ ನೋಡಾಕಿಲ್ಲ ದೊರೆ, ಮೊದ್ಲೇ ಹೇಳಿವ್ನಿ. ಎದ್ದೋನೇ ಬಂದು ಒತ್ತಿಬಿಡ್ತೀನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಓಡಿಹೋಗಿ ಇಬ್ಬರನ್ನೂ ಕೇಳಿಕೊಂಡು ಬಂದೆ. ಮುಂಬಾಗಿಲಲ್ಲಿ ಪುಟ್ಟಿ ಮಗುವನ್ನು ಒಂದು ಸಲ ನೋಡಿ "ತೆಗ್ಸು" ಎಂದಳು. ಹಿತ್ತಿಲಲ್ಲಿ ಜಬೀನಾ ಬಾಯಿಯಿಂದ ಗುಂಡುಸೂಜಿ ತೆಗೆದು "ತೆಗ್ಸು" ಎಂದಳು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿರಲಿಲ್ಲ.

ಮತ್ತೆ ಗೋಪುರಕ್ಕೆ ಬಂದೆ. ಬೋರೇಗೌಡ ಹೋಗಿರಲಿಲ್ಲ, ಆದರೆ ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತಿದ್ದ. ಇಸ್ತ್ರಿ ತಾತನೂ ಬಂದಿದ್ದ.

"ತೆಗೀರಿ ಸಾರ್" ಎಂದೆ. ಆ 'ಸಾರ್' ನನ್ನ ಬಾಯಿಂದ ಎಷ್ಟು ಕಷ್ಟದಲ್ಲಿ ಬಂತು ಎಂದು ನನಗೇ ಗೊತ್ತು.

"ತೆಗೀತೀನಿ. ನೀನು ಇಲ್ಲಿರಬಾರದು."

"ಯಾಕೆ?"

"ಒಂದು ನಾನು ತೆಗೀತೀನಿ. ತೆಗೆದದ್ದು ನಿಂಗೆ ಮತ್ತೆ ಬೇರೆ ಥರ ಕಾಣುತ್ತೆ. ನೀನು ಇನ್ನೊಂದು ತೆಗೀತೀಯ."

"ಇಲ್ಲ, ಮುಟ್ಟಲ್ಲ. ಸುಮ್ನೆ ನಿಂತು ನೋಡ್ತೀನಿ."

"ಮಧ್ಯಾಹ್ನವೂ ನೀನು ನೋಡ್ತಾನೇ ಇದ್ದೆ" ಎಂದ.

ಸರಳು ಅಲ್ಲೇ, ನಾನು ಬಿಸಾಕಿದ ಕಡೆಯೇ ಬಿದ್ದಿತ್ತು. ಈ ಮನುಷ್ಯ ಒಂದು ಇಡೀ ಬೀದಿಯ ಹೆಸರನ್ನು ತಿಂದವನು. ನಿನ್ನೆ ಮರೆತವನು. ಇವನ ಕೈ ಇವತ್ತು ಜಾರಿದರೆ ನಾಳೆ ನಾನು ಒಂದು ಬಯಲಿನ ಮುಂದೆ ನಿಂತು, ಇಲ್ಲಿ ಯಾಕೆ ಬಂದೆ ಎಂದು ತಲೆ ಕೆರೆದುಕೊಳ್ಳುತ್ತೇನೆ. ಅಳುವುದಕ್ಕೂ ಹೆಸರು ಬೇಕು, ಅದೂ ಇರುವುದಿಲ್ಲ. ಎದೆಯೊಳಗೆ ಎಲ್ಲವೂ ಬೇಡ ಬೇಡ ಎಂದು ಕೂಗುತ್ತಿತ್ತು. ತಾತನ ಕಡೆ ನೋಡಿದೆ. ಅವನು ಹೇಳಬೇಕಾದ್ದನ್ನು ಮಧ್ಯಾಹ್ನವೇ ಹೇಳಿ ಆಗಿತ್ತು.

ಹೊರಗೆ ಹೋದೆ. ಬಾಗಿಲನ್ನು ನಾನೇ ಎಳೆದುಕೊಂಡೆ.

ಕದದ ಆಚೆ ಗುಂಡಿ ಒತ್ತುವ ಸದ್ದು ಕೇಳಿಸಿತು. ಒಂದಷ್ಟು ಒತ್ತಿ ನಿಂತ. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು ಸದ್ದು. ಬಾಗಿಲ ಹಿಡಿಯ ಮೇಲೇ ನನ್ನ ಕೈ ಇತ್ತು. ತಿರುಗಿಸಿದರೆ ತೆರೆಯುತ್ತಿತ್ತು, ಒಳಗಿನಿಂದ ಅವನು ಅಗಳಿ ಹಾಕಿರಲಿಲ್ಲ. ಆಮೇಲೆ ಕುರ್ಚಿ ಸರಿದ ಸದ್ದು, ಕೆಮ್ಮು. "ಆಯ್ತು" ಎಂದ ಒಳಗಿನಿಂದಲೇ. "ನೋಡ್ತೀಯಾ?"

ಬಾಯಿ ತುಂಬ ಹೂಂ ಇತ್ತು. "ಬೇಡ" ಎಂದೆ. ಹೇಳಿದ ಮೇಲೆ ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದೆ, ನಿಂತರೆ ವಾಪಸ್ಸು ಹೋಗುತ್ತೇನೆಂದು ಗೊತ್ತಿತ್ತು.

ದೀಪ ಆರಿಸುವ ಹೊತ್ತು ಹತ್ತಿರವಾಗಿತ್ತು. ನಮ್ಮಲ್ಲಿ ಆ ಹೊತ್ತಾದ ಮೇಲೆ ಎಚ್ಚರ ಇರಬೇಕೆಂದರೂ ಆಗುವುದಿಲ್ಲ. ಮೊದಲು ಮುಂಬಾಗಿಲಿಗೆ ಹೋದೆ. ಪುಟ್ಟಿ ಹಾಸಿಗೆ ಹಾಸುತ್ತಿದ್ದಳು, ತೆರೆಗೆ ಒತ್ತಿಕೊಂಡ ಹಾಗೆ. ಬೆಳಗಿನ ಓದು ಬರುವವರೆಗೆ ತೆರೆ ಹೋಗುವಂತಿರಲಿಲ್ಲ. "ಒಂದು ತೆಗೆದವ್ರೆ" ಎಂದೆ. ಅವಳು ತಲೆಯಾಡಿಸಿ ಮಗುವನ್ನು ಮಲಗಿಸಿದಳು.

ಓಣಿ ಸುತ್ತಿ ಹಿತ್ತಿಲಿಗೆ ಹೋದೆ. ಜಬೀನಾಳೂ ತೆರೆಗೆ ಒತ್ತಿಕೊಂಡೇ ಚಾಪೆ ಹಾಸಿದ್ದಳು. ನಡುವೆ ಆ ಬಟ್ಟೆ ಇರದಿದ್ದರೆ ಇಬ್ಬರ ತಲೆಯೂ ಒಂದೇ ದಿಂಬಿನ ಮೇಲೆ ಇರುತ್ತಿತ್ತು.

"ಒಂದು ತೆಗೆದವ್ರೆ" ಎಂದೆ.

"ನೀನು ಪಕ್ಕದಲ್ಲೇ ಇದ್ಯಾ?"

"ಇಲ್ಲ. ಹೊರಗಿದ್ದೆ."

"ಆಮೇಲಾದ್ರೂ ಒಳಗೋಗಿ ನೋಡಿದ್ಯಾ?"

"ನೋಡ್ಲಿಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎದ್ದಾಗಿನಿಂದ ಮೊದಲ ಸಲ ಅವಳ ಮುಖದಲ್ಲಿ ನಗು ಬಂತು.

"ಹಂಗಾದ್ರೆ ಸರಿಯಾಗೇ ಆಗಿರ್ತದೆ ದೊರೆಗಳೇ, ಹೋಗಿ ಮಲ್ಕಳಿ" ಎಂದು ದೀಪ ಆರಿಸಿದಳು.